ಮನೆಗೊಂದು ಸಾಮಿನ ಯಂತ್ರ

ದೇಹಬಲವೆಂಬುದು ಹೋದ ಮೇಲೆ ನೆನಪಿಗೆ ಬರುವ ಸಂಪತ್ತು. ನಮ್ಮ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಹಿಂದೆ ಗಂಡಸರು ಗರಡಿಯಲ್ಲಿ ದಂಡ ಬಸ್ಕಿಗಳನ್ನು ಹಾಕಿ, ಗದೆ ತಿರುಗಿಸಿ, ಕಲ್ಲುಗುಂಡನ್ನೆತ್ತಿ ಮೈ ಬಲಿಸಿಕೊಳ್ಳುತ್ತಿದ್ದರು. ಗರಡಿಯ ಹೊಸ್ತಿಲನ್ನು ದಾಟದ ಹೆಂಗಸರಿಗೆ ಬಾವಿಯ ರಾಟೆಯೂ ಬೀಸುವ ಕಲ್ಲೂ ಒನಕೆಯೂ ಅದೇ ಕೆಲಸವನ್ನು ಮಾಡುತ್ತಿದ್ದುವು. ಅದನ್ನು ಸಾಮೆಂದು ಯಾರೂ ಕರೆಯಲಿಲ್ಲ, ಅಷ್ಟೆ. ಈಗ ನೀರು ನಲ್ಲಿಯಲ್ಲಿ ಬರುವುದು, ಹಿಟ್ಟು ಗಿರಣಿಯಿಂದ ಬರುವುದು. ದುಡಿಮೆ ತಗ್ಗಿದುದು ಸಂತೋಷದ ಸಂಗತಿಯೇ ಸರಿ. ಆದರೆ ಅದರೊಡನೆ ತೋಳಿನ ಕಸುವೂ ತಗ್ಗಿತು.

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು. ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿರುವ ಊರು. ಹೋದ ವರ್ಷ ಮಳೆಗಾಲದಲ್ಲಿ ಅರವತ್ತಾರು ವರ್ಷದ ನಮ್ಮ ಅತ್ತಿಗೆಯವರು ಹಿತ್ತಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟನ್ನು ಮುರಿದುಕೊಂಡರು. ಎಲುಬು ಕೂಡಿತು, ಬಲ ಬರಲಿಲ್ಲ. ತುಂಬಿದ ಕೊಡವನ್ನು ಇಳಿಸುವುದು ಇರಲಿ, ಹತ್ತು ತಿಂಗಳ ಮೊಮ್ಮಗನನ್ನು ಎತ್ತಿಕೊಳ್ಳುವ ಧೈರ್ಯವೂ ಅವರಿಗೆ ಉಳಿಯಲಿಲ್ಲ. ಮಗು ಕೈ ಚಾಚಿದರೆ ಅವರು ಸೊಸೆಯನ್ನು ಕೂಗುವರು. ಇದನ್ನು ನೋಡುವುದು ಮನೆಯವರಿಗೆಲ್ಲ ಕಷ್ಟವಾಗಿತ್ತು.

ವೈದ್ಯರು, ಇನ್ನು ಸ್ನಾಯುಗಳಿಗೆ ಕ್ರಮವಾಗಿ ಕೆಲಸ ಕೊಡಬೇಕೆಂದರು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಗಳೂ, 65 ವರ್ಷ ದಾಟಿದವರು ಬೀಳದಂತಿರಲು ವಾರಕ್ಕೆ 3 ದಿನವಾದರೂ ಬಲವನ್ನೂ ಸಮತೋಲವನ್ನೂ ಬೆಳೆಸುವ ಸಾಧನೆ ಮಾಡಬೇಕೆಂದು ಹೇಳುವುವು. ಆದರೆ ಎಲ್ಲಿ ಮಾಡುವುದು? ಬಸ್ಸು ಹತ್ತಿ ಪೇಟೆಯ ಜಿಮ್ಮಿಗೆ ಹೋಗಿ ಹುಡುಗರ ನಡುವೆ ನಿಲ್ಲಲು ಅತ್ತಿಗೆಯವರು ಒಪ್ಪಲಿಲ್ಲ. ಬಲವಂತಪಡಿಸಲು ನಮಗೂ ಮನಸ್ಸಾಗಲಿಲ್ಲ. ಆಗ ಬೆಂಗಳೂರಿನಲ್ಲಿರುವ ಅವರ ಕಿರಿಯ ಮಗನು, ಈಗಿನವರು ‘ಸ್ಮಾರ್ಟ್’ ಎಂದು ಕರೆಯುವ ಪುಟ್ಟ ಕೇಬಲ್ ಯಂತ್ರವೊಂದನ್ನು ಮನೆಗೇ ತರೋಣವೆಂದನು.

ಈ ಯಂತ್ರದ ಮರ್ಮ ಸರಳವಾದುದು. ಹಳೆಯ ಕೇಬಲ್ ಯಂತ್ರದಲ್ಲಿ ರಾಟೆಯ ಮೇಲೆ ಹಾಯ್ದ ಹಗ್ಗದ ತುದಿಗೆ ಕಬ್ಬಿಣದ ಬಿಲ್ಲೆಗಳು ತೂಗುವುವು. ಹೊಸದರಲ್ಲಿ ಬಿಲ್ಲೆಗಳೇ ಇಲ್ಲ. ಹಗ್ಗವು ಒಂದು ಮೋಟಾರಿನ ಉರುಳೆಗೆ ಸುತ್ತಿರುವುದು. ನಾವು ಎಳೆದಂತೆ ಮೋಟಾರು ಹಿಂದಕ್ಕೆ ಎಳೆಯುವುದು. ಅದಕ್ಕೆ ಹರಿಯುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿದರೆ ಭಾರವೂ ಹೆಚ್ಚು ಕಡಿಮೆಯಾಗುವುದು. ಹಗ್ಗವನ್ನು ಎಳೆದು ಸಾಧನೆ ಮಾಡುವ ಪದ್ಧತಿಯೇನೋ ಹಳೆಯದು. 1905ರಲ್ಲಿ ಹಿಂದೂದೇಶವನ್ನು ಸುತ್ತಿದ, ತನ್ನ ಹೆಸರನ್ನು ನಮ್ಮ ಬನಿಯನ್ನಿಗೆ ಬಿಟ್ಟುಹೋದ ಸ್ಯಾಂಡೋ ಮಹಾಶಯನು ಗೋಡೆಗೋ ಬಾಗಿಲಿಗೋ ಸಿಕ್ಕಿಸಿ ಎಳೆಯುವ ರಬ್ಬರಿನ ಹಗ್ಗಗಳನ್ನು ಮಾರುತ್ತಿದ್ದನು.

ಗೋಡೆಗೆ ತೂಗುಹಾಕುವ ಹೊಸ ಯಂತ್ರಗಳಲ್ಲಿ ಹೆಸರಾದುದು ಅಮೆರಿಕದಲ್ಲಿ 2018ರಲ್ಲಿ ಮಾರಾಟಕ್ಕೆ ಬಂದ ಟೋನಲ್. ಆಗ ಬಂದ ಅದರ ಮೊದಲ ಮಾದರಿಯ ಎರಡು ತೋಳುಗಳೂ ಸೇರಿ 200 ಪೌಂಡು, ಎಂದರೆ ಸುಮಾರು 90 ಕಿಲೋ ಭಾರ ಕೊಡುತ್ತಿದ್ದುವು. ಅದನ್ನು ಹೋಲುವ ಯಂತ್ರಗಳ ಪಟ್ಟಿಯೊಂದನ್ನು ಹುಡುಗನು ಕಳುಹಿಸಿದನು. ಪ್ರತಿಯೊಂದರ ಹೆಸರಿನ ಮುಂದೆಯೂ ಅದು ಕೊಡಬಲ್ಲ ಅತ್ಯಧಿಕ ಭಾರವನ್ನು ದಪ್ಪಕ್ಷರದಲ್ಲಿ ಬರೆದಿತ್ತು. ಅತ್ತಿಗೆಯವರು ಅದನ್ನು ಕೇಳಿ, “ಅಷ್ಟು ಭಾರ ಎತ್ತುವವರು ಈ ಮನೆಯಲ್ಲಿ ಯಾರಿದ್ದಾರಪ್ಪ? ಎಲ್ಲಕ್ಕಿಂತ ಹಗುರ ಎಷ್ಟು ಅಂತ ಕೇಳು” ಎಂದರು.

ಈ ಒಂದು ಮಾತಿನಿಂದ ನಮ್ಮ ಆಯ್ಕೆಯ ದಾರಿಯೇ ಬದಲಾಯಿತು. ಬಿಲ್ಲೆಯ ಯಂತ್ರಗಳಲ್ಲಿ ಭಾರವು ಹೆಚ್ಚಾಗಿ ಐದೈದು ಕಿಲೋಗಳಂತೆ ಏರುವುದು. 60 ಕಿಲೋ ಎಳೆಯುವವನಿಗೆ 5 ಕಿಲೋ ಹೆಚ್ಚಾದರೆ ಅದು ಹನ್ನೆರಡರಲ್ಲಿ ಒಂದು ಪಾಲು. 5 ಕಿಲೋ ಎಳೆಯುವವರಿಗೆ ಅದು ಇಮ್ಮಡಿ. ಮೆಟ್ಟಿಲು ಇಷ್ಟು ಎತ್ತರವಾದರೆ ದುರ್ಬಲರು ಹತ್ತುವುದು ಹೇಗೆ? ಮೋಟಾರಿನ ಯಂತ್ರದ ನಿಜವಾದ ಉಪಕಾರವಿರುವುದು ಇಲ್ಲಿಯೇ. ಒಂದು ಕಿಲೋದಿಂದ ಆರಂಭಿಸಿ ಒಂದೊಂದೇ ಕಿಲೋ ಏರಿಸಬಹುದು. ಅರ್ಧ ಕಿಲೋದಂತೆ ಏರುವವೂ ಉಂಟು.

ಬಳಿಕ ಬೆಂಗಳೂರಿಗೆ ಹೋಗಿ ಅಂಗಡಿಯಲ್ಲಿ ನಾಲ್ಕು ವಿಷಯಗಳನ್ನು ವಿಚಾರಿಸಿದೆವು. ಮೊದಲನೆಯದು ಗೋಡೆ. ಗೋಡೆಗೆ ಕೂರಿಸುವ ಯಂತ್ರಕ್ಕೆ ಗಟ್ಟಿಯಾದ ಇಟ್ಟಿಗೆಯ ಅಥವಾ ಕಾಂಕ್ರೀಟಿನ ಗೋಡೆಯಿರಬೇಕು. ನಮ್ಮ ಹಳೆಯ ಮನೆಯ ಗೋಡೆಗಳಲ್ಲಿ ಬಹುಪಾಲು ಮಣ್ಣಿನವು. ದವಸದ ಕೋಣೆಯ ಒಂದು ಗೋಡೆ ಮಾತ್ರ ಸುಟ್ಟ ಇಟ್ಟಿಗೆಯದು. ನಿಂತುಕೊಳ್ಳುವ ಹಲಗೆಯಿಂದಲೇ ಹಗ್ಗ ಹೊರಡುವ ಯಂತ್ರಗಳಿಗೆ ಗೋಡೆ ಬೇಡವಾದರೂ, ಅವುಗಳಲ್ಲಿ ಮೇಲಿನಿಂದ ಕೆಳಕ್ಕೆ ಎಳೆಯುವ ಸಾಧನೆಯಾಗದು.

ಎರಡನೆಯದು ವಿದ್ಯುತ್ತು. ಹಳ್ಳಿಯಲ್ಲಿ ಅದು ಹೋಗುವುದೂ ಬರುವುದೂ ಉಂಟು. ಎಳೆಯುತ್ತಿರುವಾಗ ಭಾರ ಥಟ್ಟನೆ ಮಾಯವಾದರೆ ಮುದುಕರು ಹಿಂದಕ್ಕೆ ಬಿದ್ದಾರು. ಆದಕಾರಣ ಹುಡುಗನು ಎಳೆಯುತ್ತಿರುವಾಗಲೇ ಪ್ಲಗ್ಗನ್ನು ಕಿತ್ತು ತೋರಿಸಿರೆಂದು ಅಂಗಡಿಯವರನ್ನು ಕೇಳಿದೆವು. ಒಂದು ಯಂತ್ರದ ಹಗ್ಗ ಸಡಿಲಿ ಹುಡುಗನು ಎರಡು ಹೆಜ್ಜೆ ಹಿಂದಕ್ಕೆ ಹೋದನು. ಒಳಗೆ ಬ್ಯಾಟರಿಯಿದ್ದ ಇನ್ನೊಂದು ಏನೂ ಆಗದಂತೆ ನಡೆಯಿತು.

ಮೂರನೆಯದು ತಿಂಗಳ ಚಂದಾ. ‘ಶಾಂತಲಾ’ ಕಾದಂಬರಿಯನ್ನು ಬರೆದ, ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರು ದೂರದ ಶಿಷ್ಯರಿಗೆ ಅಂಚೆಯಲ್ಲಿ ಪಾಠ ಕಳುಹಿಸುತ್ತಿದ್ದರು. ಅಂಚೆಯ ಪಾಠ ನಿಂತರೂ ಕಲಿತ ಸಾಧನೆ ಶಿಷ್ಯನ ಕೈಯಲ್ಲಿ ಉಳಿಯುತ್ತಿತ್ತು. ಈಗ ಪಾಠವು ಪರದೆಯ ಮೇಲೆ ಬರುವುದು. ಚಂದಾ ನಿಲ್ಲಿಸಿದರೆ ಕೆಲವು ಯಂತ್ರಗಳ ವಿದ್ಯೆಯಲ್ಲಿ ಬಹುಪಾಲು ಮರೆಯಾಗುವುದು. ಅಮೆರಿಕದ ‘ಮಿರರ್’ ಎಂಬ ವ್ಯಾಯಾಮದ ಕನ್ನಡಿಯನ್ನು ಮಾಡುತ್ತಿದ್ದ ಕಂಪನಿಯನ್ನು ಉಡುಪಿನ ಕಂಪನಿಯೊಂದು 2020ರಲ್ಲಿ 50 ಕೋಟಿ ಡಾಲರು ಕೊಟ್ಟು ಕೊಂಡಿತು. 2023ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸುವುದಾಗಿ ಸಾರಿತು. ದೊಡ್ಡವರ ವ್ಯಾಪಾರವೇ ಹೀಗಿರುವಲ್ಲಿ, ಚಂದಾ ಇಲ್ಲದೆಯೂ ಭಾರವನ್ನು ಏರಿಸಿ ಇಳಿಸಲು ಬರುವುದೇ ಎಂದು ಕೇಳುವುದು ಗೃಹಸ್ಥನ ಕರ್ತವ್ಯ.

ನಾಲ್ಕನೆಯದು ರಾಟೆಯ ಲೆಕ್ಕ. ಬಾವಿಯ ರಾಟೆಯಂತೆ ನಿಂತಲ್ಲೇ ತಿರುಗುವ ರಾಟೆ ಭಾರವನ್ನು ತಗ್ಗಿಸದು. ಭಾರದೊಡನೆ ಚಲಿಸುವ ರಾಟೆಯು ಕೈಗೆ ಬರುವ ಭಾರವನ್ನು ಅರ್ಧಕ್ಕೆ ಇಳಿಸುವುದು. ಆದುದರಿಂದ ಪೆಟ್ಟಿಗೆಯ ಮೇಲೆ 60 ಎಂದು ಬರೆದಿದ್ದರೆ, ಅದು ಕೈಗೆ 60ಯೋ 30ಯೋ ಎಂದು ಕೇಳಿಯೇ ಹಣ ಕೊಡಬೇಕು.

ಹೀಗೆಲ್ಲ ನೋಡಿ, ಪರದೆಯೂ ಚಂದಾವೂ ಇಲ್ಲದ, ಒಂದು ಕಿಲೋದಿಂದ ಆರಂಭವಾಗುವ, ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರವನ್ನು ಆರಿಸಿದೆವು. ಒಂದು ಒಳ್ಳೆಯ ಕರೆಯುವ ಹಸುವಿನ ಬೆಲೆಯಾಯಿತು. ಅಣ್ಣನವರು ಒಂದು ರಾತ್ರಿಯೆಲ್ಲ ಯೋಚಿಸಿದರು. ಬೆಳಿಗ್ಗೆ, “ಹಸುವನ್ನು ಮುಂದಿನ ವರ್ಷ ನೋಡೋಣ” ಎಂದರು. ಗಾರೆ ಕೆಲಸದವರು ದವಸದ ಕೋಣೆಯ ಇಟ್ಟಿಗೆ ಗೋಡೆಗೆ ಕಬ್ಬಿಣದ ಪಟ್ಟಿಯೊಂದನ್ನು ಭದ್ರವಾಗಿ ಕೂರಿಸಿದರು. ಯಂತ್ರವು ಅದರ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಯುವುದು. ಎದುರಿಗೆ ಬೆನ್ನೊರಗುವ ಕುರ್ಚಿ. ಅದರ ಹಿಂದೆ ಎರಡು ರಾಗಿ ಮೂಟೆಗಳು.

ಅತ್ತಿಗೆಯವರು ವೈದ್ಯರು ಹೇಳಿದ ಕ್ರಮದಲ್ಲಿ ದಿನ ಬಿಟ್ಟು ದಿನ ಕುಳಿತು ಎಳೆದರು. ಮೊದಲ ವಾರ 1 ಕಿಲೋ; ಎರಡನೆಯ ತಿಂಗಳ ಕೊನೆಗೆ 4. ಮೊಮ್ಮಗನು ಆಗ 8 ಕಿಲೋ ಇದ್ದನು. ಅದೇ ಅವರ ಗುರಿಯಾಯಿತು. ಐದನೆಯ ತಿಂಗಳಲ್ಲಿ ಅವರು 8 ಮುಟ್ಟಿದಾಗ ಹುಡುಗನು 9 ಕಿಲೋ ದಾಟಿದ್ದನು. “ಇವನು ನನಗೆ ಪೈಪೋಟಿ ಕೊಡುತ್ತಾನೆ” ಎಂದು ನಗುತ್ತ ಮತ್ತೆರಡು ಕಿಲೋ ಏರಿಸಿದರು. ಈಗ ಮಗು ಕೈ ಚಾಚಿದರೆ ಅವರು ಸೊಸೆಯನ್ನು ಕೂಗುವುದಿಲ್ಲ. ಪಕ್ಕದ ಮನೆಯ ಇಬ್ಬರು ಹೆಂಗಸರೂ ಸಂಜೆ ಬಂದು ಹಗ್ಗ ಹಿಡಿಯುವರು.

ಇಂತಹ ಯಂತ್ರವನ್ನು ಕೊಳ್ಳಬೇಕೆಂದಿರುವ ವಾಚಕರಿಗೆ ನಮ್ಮ ವಿಜ್ಞಾಪನೆ ಇಷ್ಟೇ. ಮನೆಯಲ್ಲಿ ಎಲ್ಲರಿಗಿಂತ ಬಲಹೀನರಾದವರನ್ನು ಅಂಗಡಿಗೆ ಕರೆದುಕೊಂಡು ಹೋಗಿರಿ. ಹಿಡಿಯನ್ನು ಮೊದಲು ಅವರ ಕೈಗೆ ಕೊಡಿರಿ. ಅವರಿಗೆ ಒಪ್ಪಿದ ಯಂತ್ರದಲ್ಲಿ ಬಲಶಾಲಿಗಳೂ ಬೆವರು ಹರಿಸಬಹುದು. ಬಲಶಾಲಿಗಳಿಗಾಗಿ ಕೊಂಡುದು ಅವರಿಗೆ ಒಪ್ಪುವುದೆಂಬ ಭರವಸೆಯಿಲ್ಲ.