ಕೂರಲು ಜಾಗವಿಲ್ಲದ ಕಟ್ಟಡ

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಒಂದು ಮಾಲ್ ಇದೆ. ಅದರ ಹೆಸರು ಹೇಳುವುದಿಲ್ಲ. ಅಲ್ಲಿ ಇನ್ನೂ ಆರೇಳು ಅಂಗಡಿಯವರು ದಿನಾ ಬಾಗಿಲು ತೆಗೆದು ಕಾಯುತ್ತಿದ್ದಾರೆ, ಅವರಿಗೆ ಬರುವ ನಾಲ್ಕು ಗಿರಾಕಿಗಳನ್ನು ನನ್ನ ಬರಹ ಓಡಿಸುವುದು ಬೇಡ. ನಾಲ್ಕು ಮಹಡಿಯ ಕಟ್ಟಡ. ಮೇಲಿನ ಮಹಡಿಯ ಸಿನಿಮಾ ಪರದೆಗಳು ಮುಚ್ಚಿವೆ. ಮೂರನೆಯ ಮಹಡಿಯ ದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದಾರೆ. ಎ.ಸಿ. ಓಡುವುದಿಲ್ಲ. ಮಳೆಗಾಲದಲ್ಲಿ ಗಾಜಿನ ಚಾವಣಿ ಸೋರುವ ಕಡೆ ಒಂದು ನೀಲಿ ಬಕೆಟ್ ಇಟ್ಟಿರುತ್ತಾರೆ.

ಎಸ್ಕಲೇಟರ್ ನಿಂತು ವರ್ಷ ದಾಟಿದೆ. ಮಧ್ಯಾಹ್ನ ಎರಡರ ಹೊತ್ತಿಗೆ ಅದರ ಮೆಟ್ಟಿಲುಗಳ ಮೇಲೆ ಮೂರು ನಾಲ್ಕು ಹೆಣ್ಣುಮಕ್ಕಳು ಡಬ್ಬಿ ಬಿಚ್ಚಿ ಊಟ ಮಾಡುತ್ತಾರೆ. ಅಂಗಡಿಗಳ ಸೇಲ್ಸ್ ಹುಡುಗಿಯರು ಇವರು. ಬಾಗಿಲಲ್ಲಿ ಸೆಕ್ಯುರಿಟಿಯವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಮಾಲ್ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಈ ಎರಡೂ ಕಾಣಸಿಗುತ್ತಿರಲಿಲ್ಲ. ಆಗ ಅಲ್ಲಿ ಕೆಲಸ ಮಾಡುವವರು ಕೂರುವಂತಿರಲಿಲ್ಲ. ನನ್ನ ಚಿಕ್ಕಮ್ಮ ಅಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದರಿಂದ ಈ ಸಂಗತಿ ನನಗೆ ಗೊತ್ತು.

ಚಿಕ್ಕಮ್ಮ ಇದ್ದದ್ದು ಎರಡನೆಯ ಮಹಡಿಯ ಬಟ್ಟೆ ಅಂಗಡಿಯ ಮಕ್ಕಳ ವಿಭಾಗದಲ್ಲಿ. ಕಪ್ಪು ಪ್ಯಾಂಟು, ಕೆಂಪು ಟೀ ಶರಟು, ಕೊರಳಲ್ಲಿ ಗುರುತಿನ ಚೀಟಿ. ಬೆಳಿಗ್ಗೆ ಹತ್ತರಿಂದ ರಾತ್ರಿ ಏಳೂವರೆಯವರೆಗೆ, ಶನಿವಾರ ಭಾನುವಾರ ಇನ್ನೂ ಒಂದು ಗಂಟೆ ಹೆಚ್ಚು. ಊಟಕ್ಕೆ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ನಿಂತಿರಬೇಕು. ಗಿರಾಕಿ ಇರಲಿ ಬಿಡಲಿ, ಗೋಡೆಗೆ ಒರಗುವುದೂ ತಪ್ಪು. ಒರಗಿದರೆ ಕ್ಯಾಮೆರಾದಲ್ಲಿ ನೋಡಿದ ಮ್ಯಾನೇಜರ್ ಫೋನ್ ಮಾಡುತ್ತಿದ್ದ. ಟ್ರಯಲ್ ರೂಮಿನ ಹಿಂದೆ ಹೊಸ ಬಟ್ಟೆಯ ರಟ್ಟಿನ ಡಬ್ಬಗಳು ಇರುತ್ತಿದ್ದವಂತೆ. ಸರದಿಯ ಮೇಲೆ ಒಬ್ಬೊಬ್ಬರೇ ಹೋಗಿ ಅದರ ಮೇಲೆ ಐದು ನಿಮಿಷ ಕೂತು ಬರುವುದು, ಉಳಿದವರು ಕಾವಲು ಕಾಯುವುದು.

ಅವಳ ಮನೆಯಲ್ಲಿದ್ದುಕೊಂಡೇ ನಾನು ಬಿ.ಎ., ಎಂ.ಎ. ಓದಿದ್ದು. ನನ್ನ ಎಂ.ಎ. ಫೀಸಿನ ಒಂದು ಪಾಲು ಆ ಸಂಬಳದಿಂದಲೇ ಬಂತು. ರಾತ್ರಿ ಬಂದವಳೇ ಬಕೆಟ್ಟಿನ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಮೀನಖಂಡದ ಹಿಂದೆ ನೀಲಿ ನರಗಳು ಗಂಟು ಗಂಟಾಗಿ ಎದ್ದಿರುತ್ತಿದ್ದವು. "ನಡದ್ರೆ ನೋವಾಗಲ್ಲ ಕಣೇ, ನಿಂತ್ರೆ ಆಗುತ್ತೆ" ಎನ್ನುತ್ತಿದ್ದಳು.

ನಗರ ಕುರಿತ ಓದಿನ ನಡುವೆ ನನಗೆ ವಿಕ್ಟರ್ ಗ್ರುಯೆನ್ ಎಂಬ ವಾಸ್ತುಶಿಲ್ಪಿ ಸಿಕ್ಕಿದ. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಅಮೆರಿಕಕ್ಕೆ ತಪ್ಪಿಸಿಕೊಂಡು ಹೋದ. ಅಲ್ಲಿನ ಹೊಸ ಬಡಾವಣೆಗಳಲ್ಲಿ ಜನ ಕಾರಿನಿಂದ ಇಳಿದು ನಡೆಯುವುದಕ್ಕೆ, ಒಬ್ಬರನ್ನೊಬ್ಬರು ಮಾತಾಡಿಸುವುದಕ್ಕೆ ಜಾಗವೇ ಇಲ್ಲವಲ್ಲ ಎಂದು ಅವನಿಗೆ ಅನ್ನಿಸಿತು. 1956ರಲ್ಲಿ ಮಿನ್ನೆಸೋಟಾದ ಈಡೈನಾ ಎಂಬ ಊರಿನಲ್ಲಿ ಅವನ ಸೌತ್‌ಡೇಲ್ ಸೆಂಟರ್ ತೆರೆಯಿತು. ಪೂರ್ತಿ ಮುಚ್ಚಿದ, ಒಳಗಿನ ಹವೆಯನ್ನು ಒಂದೇ ಹದದಲ್ಲಿ ಇಡುವ ಮೊದಲ ಮಾಲ್ ಅದು. ನಡುವೆ ವಿಯೆನ್ನಾದ ಚೌಕದಂಥ ಅಂಗಳ, ಮೀನಿನ ಕೊಳ, ಹಕ್ಕಿಗಳ ಪಂಜರ, ಕಾಫಿ ಕುಡಿಯುವ ಜಾಗ. ಸುತ್ತಲೂ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ ಬರಬೇಕೆಂಬುದು ಅವನ ಯೋಜನೆ. ಲೋಕ ಅದರಲ್ಲಿ ಅಂಗಡಿಯನ್ನೂ ಪಾರ್ಕಿಂಗನ್ನೂ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿತು. ಒಳಗೆ ಬಂದ ಗಿರಾಕಿ ಬೆರಗಿನಲ್ಲಿ ತಾನು ಬಂದ ಕೆಲಸ ಮರೆತು ಸುಮ್ಮನೆ ಕೊಳ್ಳತೊಡಗುವುದಕ್ಕೆ 'ಗ್ರುಯೆನ್ ಟ್ರಾನ್ಸ್‌ಫರ್' ಎಂದು ಅವನ ಹೆಸರನ್ನೇ ಇಟ್ಟರು. ಬದುಕಿನ ಕೊನೆಯ ವರ್ಷಗಳಲ್ಲಿ ಅವನು ಈ ಮಾಲುಗಳ ಜೊತೆ ತನಗೆ ಸಂಬಂಧವಿಲ್ಲ ಎಂದು ಕೈ ತೊಳೆದುಕೊಂಡ. ವಿಯೆನ್ನಾಗೆ ವಾಪಸು ಹೋದರೆ ಅಲ್ಲಿನ ಅಂಚಿನಲ್ಲೂ ಒಂದು ದೊಡ್ಡ ಮಾಲ್ ಎದ್ದಿತು.

ಅಂದರೆ ಕೂತು ಮಾತಾಡುವುದಕ್ಕೆಂದು ಹುಟ್ಟಿದ ಕಟ್ಟಡ ನಮ್ಮಲ್ಲಿಗೆ ಬರುವ ಹೊತ್ತಿಗೆ ಕೂರಬಾರದ ಕಟ್ಟಡವಾಗಿತ್ತು. ನಮ್ಮ ಪೇಟೆಯ ಲೆಕ್ಕ ಬೇರೆ ಇತ್ತು. ಚಿಕ್ಕಪೇಟೆಯ ಹಳೆಯ ಸೀರೆ ಅಂಗಡಿಗೆ ಹೋದವರಿಗೆ ಇದು ಗೊತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಬಿಳಿ ಬಟ್ಟೆ ಹೊದಿಸಿದ ಗಾದಿ. ತೋರಿಸುವವನೂ ಕೂತಿರುತ್ತಾನೆ, ನೋಡುವವರೂ ಕೂರುತ್ತಾರೆ. ಮದುವೆ ಜವಳಿ ಎಂದರೆ ಅರ್ಧ ದಿನ. ನಡುವೆ ಕಾಫಿ ಬರುತ್ತದೆ, ಮಗು ಅಲ್ಲೇ ಒಂದು ಮೂಲೆಯಲ್ಲಿ ನಿದ್ದೆ ಹೋಗುತ್ತದೆ. ಗಿರಾಕಿ ಕೂತಷ್ಟೂ ವ್ಯಾಪಾರ ಕುದುರುತ್ತದೆ ಎಂದು ಆ ಅಂಗಡಿಯವರಿಗೆ ಗೊತ್ತು. ಅಲ್ಲೂ ಕಪಾಟಿನಿಂದ ಸೀರೆ ತೆಗೆದುಕೊಡುವ ಹುಡುಗ ದಿನವಿಡೀ ನಿಂತೇ ಇರುತ್ತಾನೆ, ಅದನ್ನು ಮರೆಯಬಾರದು. ಆದರೆ ಮಾಲಿನಲ್ಲಿ ಎಲ್ಲರೂ ನಿಂತೇ ಇರಬೇಕು. ಗಿರಾಕಿ ನಡೆಯುತ್ತಿರಬೇಕು, ಮಾರುವವಳು ನಿಂತಿರಬೇಕು. ಕೂರಬೇಕೆಂದರೆ ಫುಡ್ ಕೋರ್ಟಿಗೆ ಹೋಗಿ ದುಡ್ಡು ಕೊಡಬೇಕು.

ಬಾಗಿಲಲ್ಲೇ ಜನರನ್ನು ಸೋಸುವ ಕೆಲಸವೂ ಮೊದಲಿನಿಂದ ಇತ್ತು. 1999ರಲ್ಲಿ ಮುಂಬೈನ ಹಾಜಿ ಅಲಿ ಬಳಿ ಕ್ರಾಸ್‌ರೋಡ್ಸ್ ಎಂಬ ಮಾಲ್ ತೆರೆಯಿತು, ದೇಶದ ಮೊದಮೊದಲ ಮಾಲುಗಳಲ್ಲಿ ಒಂದು. ನೂಕುನುಗ್ಗಲು ತಡೆಯಲಾಗದೆ ಅವರು ಮೊಬೈಲ್ ಫೋನೋ ಕ್ರೆಡಿಟ್ ಕಾರ್ಡೋ ಇದ್ದವರನ್ನು ಮಾತ್ರ ಬಿಟ್ಟು, ಉಳಿದವರಿಂದ ಪ್ರವೇಶ ಶುಲ್ಕ ಕೇಳಿದರು. ಆ ಮಾಲ್ ಕೂಡ ಹೆಚ್ಚು ಕಾಲ ಬಾಳಲಿಲ್ಲ. ಕೈ ಬದಲಾಯಿತು, ಹೆಸರು ಬದಲಾಯಿತು, ಕೊನೆಗೆ ಮುಚ್ಚಿತು.

ಇಷ್ಟೆಲ್ಲ ಹೇಳಿದ ಮೇಲೂ ಮಾಲನ್ನು ಬರೀ ಬೈದು ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಡಿಗ್ರಿ ಓದುವಾಗ ನಾವು ನಾಲ್ವರು ಗೆಳತಿಯರು ಒಂದು ಕೋಲ್ಡ್ ಕಾಫಿ ತೆಗೆದುಕೊಂಡು ಅಲ್ಲಿ ಎರಡು ಗಂಟೆ ಕಳೆಯುತ್ತಿದ್ದೆವು. ಪಾರ್ಕಿನಲ್ಲಿ ಹೆಣ್ಣುಮಕ್ಕಳು ಸುಮ್ಮನೆ ಕೂತರೆ ಹತ್ತು ಕಣ್ಣು ನೋಡುತ್ತವೆ. ಟೀ ಅಂಗಡಿಯ ಮುಂದೆ ಗಂಡಸರು ನಿಲ್ಲಬಹುದು, ನಾವು ನಿಲ್ಲುವಂತಿಲ್ಲ. "ಮಾಲಿಗೆ ಹೋಗಿದ್ವಿ" ಎಂದರೆ ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲ. ನೀರಿರುವ, ಚಿಲಕ ಬೀಳುವ ಶೌಚಾಲಯ ಅಲ್ಲಿ ಪುಕ್ಕಟೆ ಇತ್ತು. ಬೆಂಗಳೂರಿನಲ್ಲಿ ಓಡಾಡುವ ಹೆಂಗಸರಿಗೆ ಅದರ ಬೆಲೆ ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಬಡಾವಣೆಯ ವಯಸ್ಸಾದವರು ತಂಪಿಗೆಂದೇ ಬರುತ್ತಿದ್ದರು. ಏನನ್ನೂ ಕೊಳ್ಳದ ಈ ಜನರೆಲ್ಲ ಆ ಖಾಸಗಿ ಕಟ್ಟಡವನ್ನು ಅಷ್ಟಿಷ್ಟು ಸಾರ್ವಜನಿಕ ಮಾಡಿಕೊಂಡಿದ್ದರು. ಹೂಕುಂಡದ ಕಟ್ಟೆಯ ಮೇಲೆ ಕೂತರೆ ಸೆಕ್ಯುರಿಟಿ ಅಣ್ಣ ಬಂದು "ಮೇಡಂ, ಇಲ್ಲಿ ಕೂರಂಗಿಲ್ಲ" ಎನ್ನುತ್ತಿದ್ದ. ಪಾಪ, ಅವನೂ ಬೆಳಗಿನಿಂದ ನಿಂತವನೇ.

ಮಾಲ್ ಬಿದ್ದದ್ದು ಒಂದೇ ದಿನದಲ್ಲಲ್ಲ. ಆನ್‌ಲೈನ್ ವ್ಯಾಪಾರ ಕೊಂದಿತು ಎಂದು ಎಲ್ಲರೂ ಹೇಳುತ್ತಾರೆ. ಫ್ಲಿಪ್‌ಕಾರ್ಟ್ 2007ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಆದರೆ ಅದೇ ಬೆಂಗಳೂರಿನಲ್ಲಿ ಭಾನುವಾರ ಕಾಲಿಡಲು ಜಾಗವಿಲ್ಲದ ಮಾಲುಗಳೂ ಇವೆ. ವ್ಯತ್ಯಾಸ ಇರುವುದು ಮಾಲೀಕತ್ವದಲ್ಲಿ. ತುಂಬಿ ತುಳುಕುವ ಮಾಲುಗಳಲ್ಲಿ ಸಾಮಾನ್ಯವಾಗಿ ಇಡೀ ಕಟ್ಟಡ ಒಂದೇ ಕೈಯಲ್ಲಿರುತ್ತದೆ, ಅಂಗಡಿಗಳು ಬಾಡಿಗೆಗೆ. ಯಾವ ಅಂಗಡಿಯ ಪಕ್ಕ ಯಾವುದು ಇರಬೇಕು ಎಂದು ಆ ಮಾಲೀಕ ತೀರ್ಮಾನಿಸುತ್ತಾನೆ. ಜನರನ್ನು ಸೆಳೆಯುವ ದೊಡ್ಡ ಅಂಗಡಿಗೆ ಬಾಡಿಗೆ ಕಡಿಮೆ ಮಾಡಿಯಾದರೂ ಉಳಿಸಿಕೊಳ್ಳುತ್ತಾನೆ. ನಮ್ಮ ಮಾಲನ್ನು ಕಟ್ಟಿದವರು ಒಂದೊಂದು ಅಂಗಡಿಯನ್ನೂ ಒಬ್ಬೊಬ್ಬರಿಗೆ ಮಾರಿದ್ದರು. ಕೊಂಡವರಲ್ಲಿ ನಿವೃತ್ತರಿದ್ದರು, ಹೊರದೇಶದಲ್ಲಿ ಇದ್ದವರಿದ್ದರು. ಬಾಡಿಗೆ ಬಂದರೆ ಸಾಕು ಎಂಬ ಲೆಕ್ಕ ಎಲ್ಲರದು. ಚಿನ್ನದ ಅಂಗಡಿ ಪಕ್ಕ ಮೊಬೈಲ್ ರಿಪೇರಿ, ಅದರ ಪಕ್ಕ ಖಾಲಿ ಷಟರ್. ಮೇಂಟೆನೆನ್ಸ್ ದುಡ್ಡು ಕೆಲವರು ಕೊಟ್ಟರು, ಕೆಲವರು ಬಿಟ್ಟರು. ಮೊದಲು ಎ.ಸಿ. ಹೊತ್ತು ಕಡಿಮೆಯಾಯಿತು, ಆಮೇಲೆ ಲಿಫ್ಟ್ ಒಂದು ನಿಂತಿತು. ಶೆಕೆಗೆ ಜನ ಕಡಿಮೆಯಾದರು, ಜನ ಕಡಿಮೆಯಾದ ಮೇಲೆ ಅಂಗಡಿ ಬಿಟ್ಟರು, ಅಂಗಡಿ ಬಿಟ್ಟ ಮೇಲೆ ಮೇಂಟೆನೆನ್ಸ್ ಇನ್ನೂ ಕಡಿಮೆಯಾಯಿತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಜೂನ್ 8ಕ್ಕೆ ಮಾಲ್ ತೆರೆದರೂ ಸಿನಿಮಾ ಮಂದಿರಗಳಿಗೆ ಅಕ್ಟೋಬರ್‌ವರೆಗೆ ಅನುಮತಿ ಸಿಗಲಿಲ್ಲ. ಸಿನಿಮಾ ಇಲ್ಲದ ಮೇಲೆ ನಾಲ್ಕನೆಯ ಮಹಡಿಗೆ ಯಾರು ಹತ್ತುತ್ತಾರೆ? 2022ರಲ್ಲಿ ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ಗ್ರೂಪ್ ಸಾಲದಲ್ಲಿ ಮುಳುಗಿ, ಅದರ ನೂರಾರು ಅಂಗಡಿಗಳ ಜಾಗ ರಿಲಯನ್ಸ್ ಕೈಗೆ ಹೋಯಿತು. ಆ ವರ್ಷ ದೇಶದ ಎಷ್ಟೋ ಮಾಲುಗಳು ತಮ್ಮ ದೊಡ್ಡ ಅಂಗಡಿಯ ದೀಪ ಆರುವುದನ್ನು ನೋಡಿದವು. ಚಿಕ್ಕಮ್ಮನ ಅಂಗಡಿ ಮುಚ್ಚಿದ್ದು ಅದಾದ ಮೇಲೆ. ಒಂದು ತಿಂಗಳ ಸಂಬಳ, ಒಂದು ಅನುಭವ ಪತ್ರ. ಕೊನೆಯ ವಾರ ಮ್ಯಾನೇಜರೇ "ಕೂತ್ಕೊಳ್ಳಿ, ಇನ್ನೇನು" ಎಂದನಂತೆ. ಮಾರಾಟವಾಗದ ಷೋಕೇಸಿನ ಕುರ್ಚಿ ತಂದು ಎಲ್ಲರೂ ಕೂತರಂತೆ.

ಬಾಂಬೆಯ ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಈಗ ದೊಡ್ಡ ಮಾಲ್ ಇರುವುದನ್ನು ಓದಿದವರು ಬಲ್ಲರು. ಮಿಲ್ಲು ಹೋಗಿ ಮಾಲ್ ಬಂತು ಎನ್ನುವುದು ನಗರದ ಬಗ್ಗೆ ಬರೆಯುವವರೆಲ್ಲ ಹೇಳುವ ಮಾತು. ಅದರಲ್ಲಿ ಒಂದು ಸಣ್ಣ ಸಂಗತಿ ಬಿಟ್ಟುಹೋಗುತ್ತದೆ. 1948ರ ಕಾರ್ಖಾನೆ ಕಾಯ್ದೆಯ 44ನೆಯ ಸೆಕ್ಷನ್ ಪ್ರಕಾರ ನಿಂತು ಕೆಲಸ ಮಾಡಬೇಕಾದ ಕಾರ್ಮಿಕರಿಗೆ, ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರಲು ಮಾಲೀಕ ವ್ಯವಸ್ಥೆ ಮಾಡಬೇಕಿತ್ತು. ಮಿಲ್ಲಿನವರಿಗೆ ಕಾಗದದ ಮೇಲಾದರೂ ಇದ್ದ ಹಕ್ಕು ಅದು. ಅಂಗಡಿ ಕಾರ್ಖಾನೆಯಲ್ಲವಲ್ಲ, ಹಾಗಾಗಿ ಅಂಗಡಿಯ ಹೆಣ್ಣುಮಕ್ಕಳಿಗೆ ಅದು ದಕ್ಕಲಿಲ್ಲ. ಕೋಯಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರು ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವುದಕ್ಕಾಗಿ ಹೋರಾಡಬೇಕಾಯಿತು. ಅವರನ್ನು ಸಂಘಟಿಸಿದ ವಿಜಿ ಸ್ವತಃ ಟೈಲರ್ ಆಗಿದ್ದವರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾನೂನಿಗೆ ತಿದ್ದುಪಡಿ ತಂದು ಕೂರುವ ಹಕ್ಕನ್ನು ಕೊಟ್ಟಿತು, 2021ರಲ್ಲಿ ತಮಿಳುನಾಡು ಕೊಟ್ಟಿತು. ಈ ವಿಷಯ ಹೇಳಿದಾಗ ಚಿಕ್ಕಮ್ಮ ನಕ್ಕುಬಿಟ್ಟಳು. "ಕೂರೋಕೂ ಕಾನೂನು ಬೇಕಾ?" ಸ್ವಲ್ಪ ಹೊತ್ತು ಬಿಟ್ಟು ಅವಳೇ, "ಬೇಕು ಬಿಡು" ಎಂದಳು.

ಈಗ ಮಾಲಿನ ನೆಲಮಾಳಿಗೆಯಲ್ಲಿ ಹೊಸ ಬಾಡಿಗೆದಾರರು ಬಂದಿದ್ದಾರೆ. ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತಲುಪಿಸುವ ಕಂಪನಿಯೊಂದರ ಡಾರ್ಕ್ ಸ್ಟೋರ್. ಗಿರಾಕಿಗೆ ಪ್ರವೇಶವೇ ಇಲ್ಲದ ಅಂಗಡಿ. ಒಳಗೆ ಹುಡುಗರು ರ‍್ಯಾಕುಗಳ ನಡುವೆ ಓಡುತ್ತಾ ಸಾಮಾನು ಚೀಲಕ್ಕೆ ತುಂಬುತ್ತಾರೆ. ಹೊರಗೆ ಇಪ್ಪತ್ತು ಮೂವತ್ತು ಬೈಕುಗಳು. ಆರ್ಡರ್ ಬರುವವರೆಗೆ ಸವಾರರಿಗೆ ಬೈಕಿನ ಸೀಟೇ ಕುರ್ಚಿ. ಮಳೆ ಬಂದರೆ ಗೇಟಿನ ಮಾಡಿನ ಕೆಳಗೆ ಒತ್ತಿಕೊಂಡು ನಿಲ್ಲುತ್ತಾರೆ. ಮೇಲೆ ಮೂರು ಮಹಡಿ ಖಾಲಿ ಬಿದ್ದಿದೆ, ಅಲ್ಲಿಗೆ ಅವರನ್ನು ಬಿಡುವುದಿಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದಿತು. ಅದೇ ವರ್ಷ ಚೆನ್ನೈ ಪಾಲಿಕೆ ಅಣ್ಣಾನಗರದಲ್ಲಿ ಡೆಲಿವರಿ ಹುಡುಗರಿಗೆಂದು ಎ.ಸಿ. ಇರುವ ವಿಶ್ರಾಂತಿ ಕೊಠಡಿ ಕಟ್ಟಿತು. ಆ ಸುದ್ದಿಯ ಚಿತ್ರದಲ್ಲಿ ನಾನು ಮೊದಲು ನೋಡಿದ್ದು ಬೆಂಚುಗಳನ್ನು.

ಚಿಕ್ಕಮ್ಮ ಈಗ ಎರಡು ಬೀದಿ ಆಚೆಯ ಟೈಲರಿಂಗ್ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹಾಕುತ್ತಾಳೆ. ಕೂತು ಮಾಡುವ ಕೆಲಸ. ಕಾಲಿನ ಊತ ಇಳಿದಿದೆ, ದುಡ್ಡು ಮೊದಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನನ್ನ ಫೆಲೋಶಿಪ್ ತಡವಾದ ತಿಂಗಳಲ್ಲಿ ಮನೆ ನಡೆಸುವುದು ಕಷ್ಟ. ಹೋದ ತಿಂಗಳು ಅವಳ ಜೊತೆ ಕೆಲಸ ಮಾಡಿದ್ದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ರಿಂಗ್ ರೋಡಿನ ಆಚೆ ಹೊಸ ಮಾಲ್ ತೆರೆಯುತ್ತಿದೆ, ಅನುಭವ ಇರುವವರು ಬೇಕಂತೆ, ಸಂಬಳ ಚೆನ್ನಾಗಿದೆ, ಪಿ.ಎಫ್. ಇದೆ. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಅಲ್ಲಿ ಕೂರೋಕೆ ಬಿಡ್ತಾರಂತಾ?"

"ವಿಚಾರಿಸಿ ಹೇಳ್ತೀನಿ ಅಕ್ಕ" ಎಂದಳು ಆ ಹುಡುಗಿ. ಅವಳ ಫೋನ್ ಇನ್ನೂ ಬಂದಿಲ್ಲ.