ಒದ್ದೆ ಬಟ್ಟೆಯ ಲೆಕ್ಕ

ಮನೆಯಲ್ಲಿ ಕೂಸು ಹುಟ್ಟಿದರೆ ಮೂಗು ಯಾರದು, ಬಣ್ಣ ಯಾರದು, ನಕ್ಷತ್ರ ಯಾವುದು ಎಂಬುದೇ ಎಲ್ಲರ ಚರ್ಚೆ. ಅಜ್ಜಿಯೊಬ್ಬಳು ಮಾತ್ರ ತೊಟ್ಟಿಲ ಪಕ್ಕದಲ್ಲಿ ಕುಳಿತು ಬೇರೊಂದು ಲೆಕ್ಕವನ್ನಿಡುತ್ತಾಳೆ: ಕೂಸು ಎಷ್ಟು ಸಲ ಬಟ್ಟೆ ಒದ್ದೆ ಮಾಡಿತು? ಓದಿದವರಿಗೆ ಈ ಲೆಕ್ಕ ನಗೆ ತರಿಸೀತು. ಆದರೆ ಶಿಶುವೈದ್ಯರು ಕೇಳುವುದೂ ಇದನ್ನೇ!

ಗರ್ಭದಲ್ಲಿರುವಾಗ ಕೂಸಿನ ರಕ್ತವನ್ನು ಶುದ್ಧಿಗೊಳಿಸುವ ಹೊಣೆ ತಾಯಿಯ ಮಾಸಿನದು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದೊಡನೆ ಆ ಭಾರವೆಲ್ಲ ಎರಡು ಪುಟ್ಟ ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳು. ಅವುಗಳ ನಿರ್ಮಾಣ ಮುಗಿಯುವುದು ಗರ್ಭದ 36ನೆಯ ವಾರದ ಸುಮಾರಿಗೆ. ಆದುದರಿಂದಲೇ ದಿನ ತುಂಬದೆ ಹುಟ್ಟಿದ ಕೂಸಿಗೆ ಅಪಾಯ ಹೆಚ್ಚು. ಹುಟ್ಟುವಾಗ ಉಸಿರುಗಟ್ಟುವುದು, ರಕ್ತಕ್ಕೆ ನಂಜೇರುವುದು, ಕೆಲವು ತೀಕ್ಷ್ಣ ಔಷಧಗಳು, ಗಂಡುಕೂಸಿನ ಮೂತ್ರನಾಳದಲ್ಲಿ ಹುಟ್ಟಿನಿಂದಲೇ ಇರುವ ತಡೆ, ಇವೆಲ್ಲವೂ ಆ ಎಳೆಯ ಅಂಗಗಳನ್ನು ಹಠಾತ್ತನೆ ಸ್ತಬ್ಧಗೊಳಿಸಬಲ್ಲವು. ಭಾರತವೂ ಸೇರಿ 4 ದೇಶಗಳ 24 ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ನಿಗಾ ಘಟಕದ ನವಜಾತ ಶಿಶುಗಳಲ್ಲಿ ಶೇಕಡಾ 30ರಷ್ಟಕ್ಕೆ ಈ ತೊಂದರೆ ಕಂಡುಬಂದಿತು.

ಇನ್ನೊಂದು ಕಾರಣ ಬಲು ಸಾಧಾರಣವಾದುದು: ಹಾಲು ಸಾಲದಿರುವುದು. ಒಂದು ಮನೆಯಲ್ಲಿ ಹೀಗೆಯೇ ಆಯಿತು. ಚೊಚ್ಚಲ ಬಾಣಂತಿ, ಕಡು ಬೇಸಗೆ. ಕೂಸು ಅಳದೆ ಮಲಗಿತ್ತು. "ಎಂಥ ಸಾಧು ಮಗು!" ಎಂದು ಬಂದವರೆಲ್ಲ ಮೆಚ್ಚಿದರು. ನಾಲ್ಕನೆಯ ದಿನ ಅಜ್ಜಿ ಮಗಳನ್ನು ಕರೆದಳು: "ಬೆಳಗಿನಿಂದ ಬಟ್ಟೆ ಒಣಗಿಯೇ ಇದೆಯಲ್ಲೇ! ಇದು ಸಾಧುತನವಲ್ಲ, ನಿತ್ರಾಣ." ಆಸ್ಪತ್ರೆಯಲ್ಲಿ ತೂಗಿದಾಗ ತೂಕ ಬಹಳ ಇಳಿದಿತ್ತು, ರಕ್ತದಲ್ಲಿ ಉಪ್ಪಿನಂಶ ಏರಿತ್ತು. ವೈದ್ಯರು ಅವಸರಪಡದೆ, ಹನಿಹನಿಯಾಗಿ ದ್ರವ ಕೊಟ್ಟರು. ಉಪ್ಪು ಬೇಗನೆ ಇಳಿದರೆ ಮೆದುಳು ಬಾಯುವ ಭಯ. ಮರುದಿನ ನಸುಕಿನಲ್ಲಿ ದಾದಿ ಒದ್ದೆ ಬಟ್ಟೆಯನ್ನು ಎತ್ತಿ ತೋರಿದಾಗ ಇಡೀ ಮನೆಗೆ ಹಬ್ಬ!

ಎಲ್ಲ ಮನೆಗಳಿಗೂ ಇಂತಹ ನಸುಕು ಒದಗುವುದಿಲ್ಲ. ನೀರಿನ ಕೊರತೆಯೊಂದೇ ಕಾರಣವಾಗಿದ್ದು ಬೇಗನೆ ತಿಳಿದರೆ ಮೂತ್ರಪಿಂಡಗಳು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ. ನಂಜಿನಿಂದಲೋ ಉಸಿರುಗಟ್ಟಿದ್ದರಿಂದಲೋ ಹಲವು ಅಂಗಗಳು ಒಟ್ಟಿಗೆ ಸೋತಾಗ ಪ್ರಾಣವೇ ಹೋಗಬಹುದು. ಕೆಲವು ಶಿಶುಗಳಿಗೆ ಹೊಟ್ಟೆಯ ಪೊರೆಯ ಮೂಲಕ ಡಯಾಲಿಸಿಸ್ ಮಾಡಬೇಕಾಗುತ್ತದೆ. ಬದುಕುಳಿದ ಮಕ್ಕಳಿಗೆ ವರುಷಗಳ ಕಾಲ ರಕ್ತದೊತ್ತಡ, ಮೂತ್ರಗಳ ಪರೀಕ್ಷೆ ತಪ್ಪಬಾರದು.

ಈಗ ಡಯಾಪರು ಬಂದು ಬಟ್ಟೆ ಒಗೆಯುವ ಶ್ರಮ ತಪ್ಪಿದೆ. ಜೊತೆಗೆ ಲೆಕ್ಕವೂ ತಪ್ಪಿದೆ. ಮೊದಲ ವಾರ ಕಳೆಯುವ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಒದ್ದೆಯಾಗಬೇಕು. ಒದ್ದೆಯಾದ ಮಾತ್ರಕ್ಕೆ ಎಲ್ಲವೂ ಸರಿಯೆನ್ನಲಾಗದು. ಮೂತ್ರ ಬರುತ್ತಿರುವಾಗಲೂ ಕಾಯಿಲೆ ಅಡಗಿರಬಹುದು, ಅದನ್ನು ರಕ್ತಪರೀಕ್ಷೆಯೇ ಹೇಳಬೇಕು. ಆದರೆ ಒಣಗಿಯೇ ಉಳಿದ ಬಟ್ಟೆ ಮಾತ್ರ ಎಂದಿಗೂ ಅಲಕ್ಷ್ಯಕ್ಕೆ ತಕ್ಕುದಲ್ಲ. ಮಾತು ಬಾರದ ಕೂಸು ತನ್ನ ಕ್ಷೇಮಸಮಾಚಾರವನ್ನು ಬರೆಯುವುದು ಅದರ ಮೇಲೆಯೇ.