ಸ್ವೇಲ್ ಕಣಿವೆಯ ಬಿಡದಿಮನೆಗಳು

ನಮ್ಮ ಕಡೆಯ ಮದುವೆಗಳಲ್ಲಿ ಗಂಡಿನವರಿಗಾಗಿ ಬಿಡದಿಮನೆಯೊಂದನ್ನು ಗೊತ್ತುಮಾಡುವ ಪದ್ಧತಿಯುಂಟಷ್ಟೆ. ಹಂಡೆಗೆ ನೀರು ತುಂಬಿ, ಜಮಖಾನೆ ಹಾಸಿ, ಬೀಗರು ಬಂದಿಳಿಯುವ ಹೊತ್ತಿಗೆ ಎಲ್ಲವನ್ನೂ ಅಣಿಮಾಡಿರಬೇಕು. ಒಂದು ಚೊಂಬು ಕಡಮೆಯಾದರೂ ಮಾತು ಬರುವುದು. ಹೀಗೆ ಬಿಡದಿಮನೆಯನ್ನು ವಾರವಾರವೂ, ಮುಖಪರಿಚಯವೇ ಇಲ್ಲದ ಬೀಗರಿಗಾಗಿ, ವರ್ಷದುದ್ದಕ್ಕೂ ಅಣಿಮಾಡುತ್ತ ಅದರಿಂದಲೇ ಜೀವನ ಸಾಗಿಸುವ ಗೃಹಸ್ಥರು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಅನೇಕರಿದ್ದಾರೆ. ಅವರ ದಿನಚರಿಯನ್ನು ಹತ್ತಿರದಿಂದ ನೋಡುವ ಅವಕಾಶವು ನಮಗೆ ದೊರೆತುದರಿಂದ, ವಾಚಕರಿಗೆ, ಅದರಲ್ಲಿಯೂ ಮನೆವಾರ್ತೆಯನ್ನು ನಡೆಸುವ ಸ್ತ್ರೀಯರಿಗೆ, ಅದರ ವೃತ್ತಾಂತವು ರುಚಿಸೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಈ ಮನೆಗಳಿಗೆ ಅಲ್ಲಿ ಹಾಲಿಡೇ ಕಾಟೇಜುಗಳೆಂದು ಹೆಸರು. ಹೋಟಲಿನಲ್ಲಿ ಒಂದು ಕೊಠಡಿ ಮಾತ್ರ ದೊರೆಯುವುದು. ಇಲ್ಲಿ ಇಡೀ ಮನೆಯೇ ಒಂದು ವಾರದ ಮಟ್ಟಿಗೆ ನಮ್ಮದು. ಪಾತ್ರೆಪರಡಿ, ಹಾಸಿಗೆ, ಒಲೆ, ಪುಸ್ತಕಗಳು, ಮಳೆ ಹಿಡಿದ ದಿನ ಮಕ್ಕಳು ಆಡಿಕೊಳ್ಳುವುದಕ್ಕೆ ಆಟದ ಮಣೆಗಳು, ಎಲ್ಲವೂ ಇರುತ್ತವೆ. ಅಡಿಗೆಯನ್ನು ಮಾತ್ರ ಬಂದವರೇ ಮಾಡಿಕೊಳ್ಳತಕ್ಕದ್ದು. ನಮ್ಮಂತಹ ಸಸ್ಯಾಹಾರಿಗಳಿಗೆ ಇದಕ್ಕಿಂತ ಅನುಕೂಲವು ಬೇರೆ ಬೇಕಿಲ್ಲ.

ನಮ್ಮ ಅಳಿಯಂದಿರು ಲೀಡ್ಸ್ ನಗರದಲ್ಲಿ ವೈದ್ಯರು. 2025ನೆಯ ಸೆಪ್ಟೆಂಬರಿನಲ್ಲಿ ನಾವು ನಮ್ಮ ಮನೆಯವರೊಡನೆ ಅವರಲ್ಲಿಗೆ ಹೋಗಿದ್ದಾಗ, ಯಾರ್ಕ್‌ಶೈರ್ ಪ್ರಾಂತದ ಸ್ವೇಲ್ ನದಿಯ ಕಣಿವೆಯಲ್ಲಿ ಇಂತಹದೊಂದು ಮನೆಯನ್ನು ಮೂರು ವಾರಗಳಿಗೆ ಗೊತ್ತುಮಾಡಿಕೊಟ್ಟರು. ರೀತ್ ಎಂಬ ಊರಿನಿಂದ ನದಿಯ ಜಾಡು ಹಿಡಿದು ಪಶ್ಚಿಮಕ್ಕೆ ನಡೆದರೆ ಗನ್ನರ್‌ಸೈಡ್, ಮ್ಯೂಕರ್, ಥ್ವೇಟ್, ಕೆಲ್ಡ್ ಎಂಬ ಹಳ್ಳಿಗಳು ಒಂದಾದ ಮೇಲೊಂದು ಬರುತ್ತವೆ. ಶಬ್ದದ ಬೇರನ್ನು ಕೆದಕುವುದು ನಮಗೆ ಹಳೆಯ ಚಟ. ಸಾವಿರ ವರ್ಷಗಳ ಹಿಂದೆ ಬಂದು ನೆಲಸಿದ ನಾರ್ವೆಯವರ ಭಾಷೆಯಲ್ಲಿ ಕೆಲ್ಡ ಎಂದರೆ ನೀರಿನ ಊಟೆ. ಥ್ವೇಟ್ ಎಂದರೆ ಗಿಡಮರಗಳನ್ನು ಕಡಿದು ಬಿಡಿಸಿದ ನೆಲ. ಅವರ ಭಾಷೆ ಹೋಯಿತು, ಹೆಸರು ಉಳಿಯಿತು. ಗಾರೆಯ ಸೋಂಕಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಬೆಟ್ಟದ ನೆತ್ತಿಯವರೆಗೂ ಏರಿಹೋಗಿವೆ. ಗದ್ದೆಗೊಂದರಂತೆ ಕಲ್ಲಿನ ಹುಲ್ಲುಕೊಟ್ಟಿಗೆ. ಎಲ್ಲೆಲ್ಲಿಯೂ ಕರಿಯ ಮುಖದ, ಬಿಳಿಯ ಮೂತಿಯ ಕುರಿಗಳು.

ಇಷ್ಟೊಂದು ಮನೆಗಳು ಬಿಡದಿಗೆಂದು ಹೇಗೆ ದೊರೆತವೆಂಬುದಕ್ಕೆ ಒಂದು ಹಿನ್ನೆಲೆಯಿದೆ. ಈ ಬೆಟ್ಟಗಳ ಹೊಟ್ಟೆಯಲ್ಲಿ ಸೀಸದ ಅದಿರಿತ್ತು. ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಪರದೇಶದ ಸೀಸವು ಅಗ್ಗವಾಗಿ ಬರಲು ಇಲ್ಲಿನ ಗಣಿಗಳು ಮುಚ್ಚಿದವು. ಗಣಿಯವರು ಡರ್‌ಹ್ಯಾಮಿನ ಕಲ್ಲಿದ್ದಲಿಗೂ, ಲ್ಯಾಂಕಾಶೈರಿನ ಹತ್ತಿಯ ಗಿರಣಿಗಳಿಗೂ, ಕೆಲವರು ಅಮೆರಿಕಾ ಖಂಡಕ್ಕೂ ಹೊರಟುಹೋದರು, ಮನೆಗಳು ಬರಿದಾದವು. ಅತ್ತ ಪಟ್ಟಣಗಳಲ್ಲಿ, 1938ರ ಕಾನೂನಿನ ತರುವಾಯ, ಸಂಬಳಸಹಿತವಾದ ರಜವು ಕೂಲಿಕಾರರಿಗೂ ಹರಡತೊಡಗಿತು. 1954ರಲ್ಲಿ ಈ ಸೀಮೆಯನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. 1965ರಲ್ಲಿ ಪೆನ್ನೈನ್ ಬೆಟ್ಟಸಾಲಿನ ಕಾಲುದಾರಿ ತೆರೆಯಿತು. 1973ರಲ್ಲಿ ವೇನ್‌ರೈಟ್ ಎಂಬ ಪಾದಚಾರಿಯು ಕಡಲಿನಿಂದ ಕಡಲಿಗೆ ನಡೆಯುವ ದಾರಿಯೊಂದನ್ನು ಪುಸ್ತಕದಲ್ಲಿ ವರ್ಣಿಸಿದನು. ಅದೂ ಈ ಕಣಿವೆಯ ಮೂಲಕವೇ ಹಾಯುವುದು. ನಡೆಯುವವರು ಬಂದರು, ಅವರಿಗೆ ಮಲಗಲು ಮನೆ ಬೇಕಾಯಿತು.

ನಮ್ಮ ಮನೆಯೊಡತಿಯು ಐವತ್ತರ ಆಸುಪಾಸಿನ ರೈತಗೃಹಿಣಿ. ಪತಿಯು ಬೆಟ್ಟದ ಮೇಲೆ ಕುರಿ ಸಾಕುವವರು. ಅವರ ಬಿಡದಿಮನೆಗಳು ಮೂರು: ಹಳೆಯ ಗಣಿಗಾರನ ಮನೆಯೊಂದು, ಕೊಟ್ಟಿಗೆಯನ್ನು ತಿದ್ದಿ ಮನೆಮಾಡಿದುದೊಂದು, ಆಕೆಯ ಅತ್ತೆಯವರು ಇದ್ದ ಮನೆಯೊಂದು. ನಾವು ಇಳಿದುಕೊಂಡುದು ಈ ಕಡೆಯದರಲ್ಲಿ.

ಬರುವ ತಿಥಿ ಇಂಥದೆಂದು ಗೊತ್ತಿಲ್ಲದವನೇ ಅತಿಥಿಯೆಂದು ಪಂಡಿತರು ಆ ಶಬ್ದವನ್ನು ಬಿಡಿಸುವುದುಂಟು. ಇಲ್ಲಿನ ಅತಿಥಿಗಾದರೋ ತಿಥಿಯೂ ಗೊತ್ತು, ಗಳಿಗೆಯೂ ಗೊತ್ತು. ಶನಿವಾರ ಸಾಯಂಕಾಲ ನಾಲ್ಕು ಗಂಟೆಗೆ ಬರತಕ್ಕದ್ದು, ಮುಂದಿನ ಶನಿವಾರ ಬೆಳಗ್ಗೆ ಹತ್ತಕ್ಕೆ ಹೊರಡತಕ್ಕದ್ದು. ಈ ಹತ್ತು ಗಂಟೆಗೂ ನಾಲ್ಕು ಗಂಟೆಗೂ ನಡುವಣ ಆರು ಗಂಟೆಗಳ ಮೇಲೆಯೇ ಈ ಗೃಹಕೃತ್ಯವೆಲ್ಲ ನಿಂತಿದೆ. ನಾವು ಅಲ್ಲಿ ಕಳೆದ ಮೊದಲ ಶನಿವಾರ, ಹಿಂದಿನವರ ಮೋಟಾರು ತಿರುವಿನಲ್ಲಿ ಮರೆಯಾಗುವುದಕ್ಕೆ ಮುಂಚೆಯೇ ಆಕೆ ಬಕೀಟು, ಪೊರಕೆ, ಬಟ್ಟೆಯ ಬುಟ್ಟಿಗಳೊಡನೆ ಎದುರುಮನೆಯ ಬಾಗಿಲು ತೆರೆದಿದ್ದರು. ಒಂದು ಮನೆಯನ್ನು ಆಕೆ, ಇನ್ನೊಂದನ್ನು ರೀತ್ ಊರಿನಿಂದ ಬರುವ ಸಹಾಯದ ಹೆಂಗಸು.

ಮೊದಲು ಕಿಟಕಿಗಳೆಲ್ಲ ತೆರೆಯಬೇಕು. ಎರಡನೆಯದು ಬ್ರೆಡ್ಡು, ಮಾಂಸಗಳನ್ನು ಬೇಯಿಸುವ ಓವನ್ ಪೆಟ್ಟಿಗೆ: ಅದಕ್ಕೆ ಮದ್ದು ಬಳಿದು ನೆನೆಯಬಿಟ್ಟರೆ ಮಿಕ್ಕ ಕೆಲಸ ಮುಗಿಯುವಷ್ಟರಲ್ಲಿ ಜಿಡ್ಡು ಸಡಿಲುವುದು. ಬಳಿಕ ಹಾಸಿಗೆಗಳ ದುಪ್ಪಟಿ, ದಿಂಬಿನ ಗವಸುಗಳನ್ನೆಲ್ಲ ಕಳಚಿ ಬೇರೆ ತೊಡಿಸುವುದು. ಎಲ್ಲವೂ ಅಚ್ಚ ಬಿಳುಪು. ಬಣ್ಣದ್ದಾದರೆ ಕೊಳೆ ಕಾಣದೆ ಅನುಕೂಲವಲ್ಲವೆ ಎಂದು ನಮ್ಮ ಮನೆಯವರು ಕೇಳಿದರು. ಬಿಳಿಯದನ್ನು ಎಷ್ಟು ಕುದಿಸಿದರೂ, ಯಾವ ಕ್ಷಾರಕ್ಕೆ ಹಾಕಿದರೂ ಬಣ್ಣ ಹೋಗುವ ಭಯವಿಲ್ಲ, ಒಂದು ಹರಿದರೆ ಇನ್ನೊಂದು ಜೊತೆಗೆ ಹೊಂದುವುದು ಎಂದು ಉತ್ತರ ಬಂತು. ನಮ್ಮ ಮನೆಯವರು ಆ ಮಾತನ್ನು ಮೆಚ್ಚಿದರು. ಆ ದಿನವೇ ಅರಿಸಿನದ ಡಬ್ಬಿಯ ಕೆಳಗೆ ವೃತ್ತಪತ್ರಿಕೆಯನ್ನೂ ಹಾಸಿದರು.

ಸೌದೆಯ ಒಲೆಯ ಬೂದಿ ತೆಗೆದು ಹೊಸ ಸೌದೆ ಪೇರಿಸುವುದು, ಸ್ನಾನದ ತೊಟ್ಟಿಯ ಬಾಯಲ್ಲಿ ಸಿಕ್ಕಿದ ಕೂದಲು ತೆಗೆಯುವುದು, ಚಮಚಗಳನ್ನು ಎಣಿಸುವುದು, ದೀಪಗಳೆಲ್ಲ ಹತ್ತುತ್ತವೆಯೇ ಎಂದು ನೋಡುವುದು, ಹೊಗೆ ಕಂಡರೆ ಕೂಗುವ ಯಂತ್ರದ ಗುಂಡಿಯೊತ್ತಿ ಕೂಗಿಸುವುದು; ಕಡೆಗೆ ಮಂಡಿಯೂರಿ ಮಂಚದ ಕೆಳಗೆ ಇಣಿಕುವುದು. ಆ ಶನಿವಾರ ಅಲ್ಲಿ ಬಟ್ಟೆಯ ಮೊಲವೊಂದು ಸಿಕ್ಕಿತು. ಅದಿಲ್ಲದೆ ಆ ಮಗು ಮಲಗದೆಂದು ಆಕೆ ಸೋಮವಾರ ತಮ್ಮ ಖರ್ಚಿನಿಂದಲೇ ಅಂಚೆಗೆ ಹಾಕಿದರು. ಎಲ್ಲ ಮುಗಿದ ಮೇಲೆ ಮೇಜಿನ ಮೇಲೆ ಬ್ರೆಡ್ಡು, ಬೆಣ್ಣೆ, ಚಹದ ಪುಡಿ, ಹಾಲು, ತಮ್ಮ ಕೋಳಿಗಳ ಮೊಟ್ಟೆ. ನಾವು ಮೊಟ್ಟೆ ತಿನ್ನುವುದಿಲ್ಲವೆಂದು ಅಳಿಯಂದಿರು ಮೊದಲೇ ಬರೆದಿದ್ದುದರಿಂದ, ನಮ್ಮ ಮೇಜಿನ ಮೇಲೆ ಅದರ ಬದಲು ಸೇಬಿನ ಹಣ್ಣುಗಳಿದ್ದವು. ಬರುವವರು ಹೀಗೆ ಬಂದು ಆಹಾ ಎಂದು ಕುಳಿತುಕೊಳ್ಳುವಾಗ, ಆ ಮನೆಯಲ್ಲಿ ಆರು ಗಂಟೆಯ ಹಿಂದೆ ಇನ್ನೊಬ್ಬರು ಇದ್ದರೆಂಬ ಗುರುತೇ ಇರಕೂಡದು. ಈ ಕಸಬಿನ ಜಾಣತನವು ಮಾಡಿದ ಕೆಲಸವು ಕಾಣದಂತೆ ಮಾಡುವುದರಲ್ಲಿದೆ.

ಮಿಕ್ಕ ದಿನಗಳು ಬಿಡುವೆಂದು ತಿಳಿಯಬಾರದು. ದುಪ್ಪಟಿಗಳು ಒಗೆತಕ್ಕೂ ಇಸ್ತ್ರಿಗೂ ಕಾದಿರುವುವು. ಆ ಸೀಮೆಯ ಮಳೆಯಲ್ಲಿ ಹಗ್ಗದ ಮೇಲೆ ಬಟ್ಟೆ ಒಣಗುವುದು ದೈವಾಧೀನ. ಕುಡಿಯುವ ನೀರು ಬೆಟ್ಟದ ಊಟೆಯದು. ಶೋಧಕದಲ್ಲಿ ಸೋಸಿ, ನೇರಳಾತೀತ ಕಿರಣದ ದೀಪದ ಮುಂದೆ ಹಾಯಿಸಿ ಮನೆಗೆ ಬಿಡುತ್ತಾರೆ; ಸ್ಥಳೀಯಾಡಳಿತದವರು ಅದನ್ನು ಪರೀಕ್ಷೆಗೆ ಒಯ್ಯುವರು. ಕೊಳಚೆಯು ನೆಲದೊಳಗಿನ ತೊಟ್ಟಿಗೆ ಹೋಗುವುದು. ಅದರೊಳಗೆ ಹಾಕಕೂಡದ ಪದಾರ್ಥಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರೂ ಹಾಕುವವರು ಹಾಕಿಯೇ ಹಾಕುವರಂತೆ. ರಾತ್ರಿ ಹತ್ತಕ್ಕೆ ಯಾರೋ ಬಾಗಿಲು ತಟ್ಟಿ ಒಲೆ ಹೊತ್ತುತ್ತಿಲ್ಲವೆನ್ನುವರು. ಇನ್ನಾರೋ, ಕುರಿಗಳು ಬೆಳಗಿನ ಜಾವ ಕೂಗುತ್ತವೆಂದು ದೂರುವರು. ಇದನ್ನು ಹೇಳುವಾಗ ಆಕೆ ನಗುತ್ತಿದ್ದರು. ಹೋದವರು ಅಂತರ್ಜಾಲದಲ್ಲಿ ನಕ್ಷತ್ರಗಳ ಲೆಕ್ಕದಲ್ಲಿ ತೀರ್ಪು ಬರೆಯುತ್ತಾರೆಂಬುದನ್ನು ಹೇಳುವಾಗ ಮಾತ್ರ ನಗಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕು ಮಕ್ಕಳಿಗೆ ಅಂಕ ಹಾಕಿದ ನಮಗೆ, ಐವತ್ತು ವರ್ಷದ ಗೃಹಿಣಿಯು ಪ್ರತಿ ವಾರ ಪರೀಕ್ಷೆಗೆ ಕುಳಿತುಕೊಳ್ಳುವುದು ವಿಚಿತ್ರವಾಗಿ ತೋರಿತು.

ಇಷ್ಟು ಪಾಡು ಏತಕ್ಕೆ? ಕುರಿಯಿಂದ ಹೊಟ್ಟೆ ತುಂಬದು. ಉಣ್ಣೆ ಕತ್ತರಿಸುವವನ ಕೂಲಿಗೆ ಉಣ್ಣೆಯ ಬೆಲೆಯೇ ಸಾಲದ ವರ್ಷಗಳುಂಟು. ಸರಕಾರವು ರೈತರಿಗೆ ಭೂಮಿಯ ವಿಸ್ತಾರವನ್ನು ನೋಡಿ ಕೊಡುತ್ತಿದ್ದ ಸಹಾಯಧನವೂ 2021ರಿಂದ ಇಳಿಯುತ್ತ ಬಂದಿದೆ. ಅಂದಮೇಲೆ ಬಿಡದಿಮನೆಯೇ ಕುರಿಗಳನ್ನು ಸಾಕುತ್ತಿದೆಯೆಂದರೂ ಸಲ್ಲುವುದು. ಆದರೆ ಈ ಆದಾಯವೂ ನಂಬತಕ್ಕದ್ದಲ್ಲ. 2001ರಲ್ಲಿ ಕಾಲುಬಾಯಿ ಜಾಡ್ಯವು ಬಂದು, ದೇಶದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ದನಕುರಿಗಳನ್ನು ಕೊಲ್ಲಬೇಕಾದಾಗ, ಕಾಲುದಾರಿಗಳನ್ನೆಲ್ಲ ಮುಚ್ಚಿದರು, ಬರುವವರು ನಿಂತರು. 2019ರ ಜುಲೈ 30ರಂದು ಸುರಿದ ಮಳೆಗೆ ರೀತ್, ಗ್ರಿಂಟನ್ ಊರುಗಳಲ್ಲಿ ಮನೆಗಳಿಗೆ ನೀರು ನುಗ್ಗಿತು, ಸೇತುವೆ ಕುಸಿಯಿತು. ಮರುವರ್ಷ ಕೋವಿಡ್ ಮಾರಿಯ ದೆಸೆಯಿಂದ ಮಾರ್ಚಿಯಿಂದ ಜುಲೈ 4ರವರೆಗೆ ಬೀಗ. ಮೇಲಾಗಿ, ಇಂತಹ ಮನೆಗಳಿಗೆ ನಾಲ್ವತ್ತು ವರ್ಷಗಳಿಂದ ಇದ್ದ ವರಮಾನ ತೆರಿಗೆಯ ರಿಯಾಯಿತಿಗಳನ್ನು 2025ರ ಏಪ್ರಿಲಿನಲ್ಲಿ ತೆಗೆದುಹಾಕಿದರು.

ಹೀಗೆ ತೆಗೆದುದಕ್ಕೂ ಕಾರಣವಿಲ್ಲದೆ ಇಲ್ಲ. ನಮ್ಮ ಸಾಯಂಕಾಲದ ತಿರುಗಾಟದಲ್ಲಿ ಒಂದು ಕಟ್ಟಡವನ್ನು ಕಂಡೆವು. ಬಾಗಿಲ ಮೇಲಣ ಕಲ್ಲಿನಲ್ಲಿ ಶಾಲೆಯೆಂದು ಕೆತ್ತಿದೆ. ಒಳಗೆ ವಾರದ ಬಾಡಿಗೆಯವರು ಕುಳಿತು ಊಟ ಮಾಡುತ್ತಿದ್ದರು. ನಾವು ಅಲ್ಲಿ ಸ್ವಲ್ಪ ಹೊತ್ತು ನಿಂತೆವು. ರೀತ್ ಊರಿನ ಬಳಿ ಸ್ವೇಲ್ ನದಿಯನ್ನು ಕೂಡುವ ಹೊಳೆಯೊಂದರ ಕಣಿವೆಗೆ ಆರ್ಕೆಂಗಾರ್ತ್‌ಡೇಲ್ ಎಂದು ಹೆಸರು. ಅಲ್ಲಿ ಮೂರೂವರೆ ಶತಮಾನಕ್ಕೂ ಮಿಕ್ಕು ನಡೆದುಬಂದ ಪಾಠಶಾಲೆಯು, ಮಕ್ಕಳಿಲ್ಲದೆ, 2019ರಲ್ಲಿ ಮುಚ್ಚಿತು. ಹೊರಗಿನವರು ಹಣ ತಂದು ಮನೆಗಳನ್ನು ಕೊಂಡರೆ, ಕುರಿ ಕಾಯುವವನ ಮಗನು ಆ ಬೆಲೆಗೆ ಎಟುಕುವನೆ? ಅವನು ಪಟ್ಟಣಕ್ಕೆ ಹೋಗುವನು. ಅವನ ಮಕ್ಕಳೂ ಅಲ್ಲಿಯೇ ಓದುವರು. 2025ರ ಏಪ್ರಿಲಿನಿಂದ ಎರಡನೆಯ ಮನೆಗಳ ಮೇಲಿನ ಸ್ಥಳೀಯ ತೆರಿಗೆಯನ್ನು ಇಮ್ಮಡಿ ಮಾಡುವ ಅಧಿಕಾರವು ಆಡಳಿತ ಮಂಡಲಿಗಳಿಗೆ ದೊರೆತಿದೆ. ಈ ಪ್ರಾಂತದವರು ಅದನ್ನು ಜಾರಿಗೂ ತಂದಿದ್ದಾರೆ. ವರ್ಷದಲ್ಲಿ ಎರಡು ವಾರ ಬಂದುಹೋಗಲು ಮನೆ ಇಟ್ಟುಕೊಂಡವರ ವಿಷಯದಲ್ಲಿ ಇದು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಆದರೆ ತಾವೇ ಅಲ್ಲಿ ವಾಸಮಾಡುತ್ತ, ಸಹಾಯಕ್ಕೆ ಊರ ಹೆಂಗಸಿಗೆ ಕೂಲಿ ಕೊಟ್ಟು, ಊರಿನ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುವ ನಮ್ಮ ಮನೆಯೊಡತಿಯಂಥವರನ್ನು ಅವರೊಡನೆ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯೆಂದು ನಮಗೆ ತೋರುವುದಿಲ್ಲ.

ಈ ಪ್ರಶ್ನೆಯು ಆಕೆಯ ಬಾಗಿಲಿಗೂ ಬಂದಿತ್ತು. ಅವರ ಕುರಿಗಳ ಕೆಲಸಕ್ಕೆ ಬರುವ ತರುಣನೊಬ್ಬನು ಹೆಂಡತಿ, ಇಬ್ಬರು ಮಕ್ಕಳೊಡನೆ ರಿಚ್‌ಮಂಡ್ ಪಟ್ಟಣದಲ್ಲಿದ್ದು, ದಿನವೂ ಮೋಟಾರಿನಲ್ಲಿ ಬಂದುಹೋಗುವನು. ಗಣಿಗಾರನ ಮನೆಯನ್ನು ತನಗೆ ಖಾಯಂ ಬಾಡಿಗೆಗೆ ಕೊಡುವಿರಾ ಎಂದು ಆತನು ಕೇಳಿದ್ದನು. ಪತಿಗೆ ಕೊಡಬೇಕೆಂದು ಮನಸ್ಸು. ಮರಿಹಾಕುವ ಕಾಲದಲ್ಲಿ ರಾತ್ರಿ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಒಂದು ಆಳು ಇದ್ದಂತಾಗುವುದೆಂದು ಅವರ ವಾದ. ಲೆಕ್ಕದ ಪುಸ್ತಕ ಬರೆಯುವವರು ಆಕೆ. ಆಗಸ್ಟಿನ ಒಂದು ವಾರಕ್ಕೆ ಆ ಮನೆಯಿಂದ ಬರುವುದು, ಆ ತರುಣನು ಒಂದು ತಿಂಗಳಿಗೆ ಕೊಡಬಲ್ಲುದಕ್ಕೆ ಹೆಚ್ಚುಕಡಮೆ ಸಮ. ಚಳಿಗಾಲದಲ್ಲಿ ಖಾಲಿ ಬೀಳುವ ವಾರಗಳು, ಸೌದೆ, ಒಗೆತ, ಏಜೆನ್ಸಿಯವರು ಹಿಡಿದುಕೊಳ್ಳುವ ಪಾಲು, ಇವುಗಳನ್ನೆಲ್ಲ ಕಳೆದರೂ ಅಂತರವು ದೊಡ್ಡದೇ. ಆ ದುಡ್ಡಿನಿಂದಲೇ ಅವರ ಮಗಳ ಓದಿನ ವೆಚ್ಚ ನಡೆಯಬೇಕು. ನಮ್ಮ ಮನೆಯವರು, ಅವರೊಡನೆ ದುಪ್ಪಟಿಯ ಎರಡು ತುದಿ ಹಿಡಿದು ಮಡಿಸುತ್ತ, ಮಕ್ಕಳಿಗೆ ಎಷ್ಟು ವಯಸ್ಸೆಂದು ಕೇಳಿದರು. ಒಂದಕ್ಕೆ ಆರು, ಇನ್ನೊಂದಕ್ಕೆ ನಾಲ್ಕು. ಇಬ್ಬರೂ ಕಣಿವೆಯ ಶಾಲೆಗೇ ಬರುವರಲ್ಲವೆ ಎಂದರೆ, ಆಕೆ ಹೌದೆಂದು ತಲೆದೂಗಿ ಸುಮ್ಮನಾದರು.

ಅಡಿಗೆಮನೆಯ ಗೋಡೆಯ ಮೇಲೆ 2026ರ ಕ್ಯಾಲೆಂಡರು ಆಗಲೇ ನೇತಾಡುತ್ತಿತ್ತು. ಮನೆಗೊಂದರಂತೆ ಮೂರು ಬಣ್ಣದ ಶಾಯಿ. ಎರಡು ಮನೆಗಳ ಸಾಲಿನಲ್ಲಿ ಈಸ್ಟರ್ ಹಬ್ಬಕ್ಕೂ ಬೇಸಗೆಗೂ ಹೆಸರುಗಳು ಬಿದ್ದಿದ್ದವು. ಗಣಿಗಾರನ ಮನೆಯ ಸಾಲಿನಲ್ಲಿ ಆಗಸ್ಟಿಗೆ ಕೇಳಿಕೊಂಡು ಎರಡು ಪತ್ರಗಳು ಬಂದಿದ್ದರೂ ಇನ್ನೂ ಯಾರ ಹೆಸರನ್ನೂ ಬರೆದಿರಲಿಲ್ಲ.